ಬಿಸ್ಕತ್ತು ಬೆಂದ ದಿನ

ಮಾವಿನಹಣ್ಣು ಬೇಕೆಂದು ಗಂಗರತ್ನ ಬೆಳಿಗ್ಗೆಯಿಂದ ಹಟ ಹಿಡಿದು ಕೂತಿದ್ದಳು. ಮಾರ್ಗಶಿರದ ಚಳಿ. ಶ್ರೀನಿವಾಸಪುರದ ಸುತ್ತ ಎತ್ತ ನೋಡಿದರೂ ಮಾವಿನ ತೋಪೇ ಆದರೂ ಮರಗಳಲ್ಲಿ ಇನ್ನೂ ಹೂವೇ ಬಿಟ್ಟಿರಲಿಲ್ಲ. ನಾಲ್ಕು ವರ್ಷದ ಹುಡುಗಿಗೆ ಅದನ್ನು ಹೇಳಿ ಒಪ್ಪಿಸುವವರು ಯಾರು?

"ಮಾವು ಯುಗಾದಿ ಕಳೆದ್ಮೇಲೆ ಬರೋದು ಕಣೇ," ಎಂದಳು ಅಜ್ಜಿ ಮುನಿಗಂಗಮ್ಮ, ರಾಗಿ ಕೇರುತ್ತ. "ಈಗೆಲ್ಲಿಂದ ತರ್ಲಿ? ನನ್ನ ತಲೆ ಮೇಲೆ ಬೆಳೀತದಾ?"

ಮಗು ಅಜ್ಜಿಯ ತಲೆಯನ್ನೊಮ್ಮೆ ನೋಡಿ ಮತ್ತೆ ರಾಗ ಎಳೆಯಿತು.

ಹಿತ್ತಲ ಕೋಣೆಯ ಮೆಟ್ಟಿಲ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದ ಭಾರತಮ್ಮ ಸುಮ್ಮನಿರಬೇಕೆಂದುಕೊಂಡರೂ ಇರಲಾರದೆ, "ಅಳಬೇಡ ಕಣೇ, ನಾನು ಮಾಡಿಕೊಡ್ತೀನಿ ಮಾವಿನಹಣ್ಣು," ಎಂದುಬಿಟ್ಟಳು. ಮಗು ಅಳು ನಿಲ್ಲಿಸಿ ಅವಳ ಕಡೆ ತಿರುಗಿ ಎರಡು ಹೆಜ್ಜೆ ಇಟ್ಟಿತು. ಅಷ್ಟರಲ್ಲಿ ಮುನಿಗಂಗಮ್ಮನ ಕೈ ಮುಂದೆ ಬಂದು ಅದರ ಲಂಗ ಹಿಡಿದುಕೊಂಡಿತು.

ಭಾರತಮ್ಮ ಆ ಹುಡುಗಿಯ ಹೆತ್ತ ತಾಯಿ. ಮದನಪಲ್ಲಿ ಕಡೆಯ ಕ್ಷಯದ ಆಸ್ಪತ್ರೆಯಲ್ಲಿ ಒಂದೂವರೆ ವರ್ಷ ಮಲಗಿದ್ದು, ದಸರೆಯ ಹೊತ್ತಿಗೆ ವಾಸಿಯಾಗಿ ಮನೆಗೆ ಬಂದಿದ್ದಳು. ಕಳಿಸುವ ಮುಂಚೆ ಡಾಕ್ಟರು ಗಂಡ ಕದಿರೇಶನನ್ನು ಎದುರಿಗೆ ಕೂರಿಸಿಕೊಂಡು, ಈಗ ಕಫದಲ್ಲಿ ಏನೂ ಇಲ್ಲ, ಎಲ್ಲರ ಹಾಗೆ ಇರಬಹುದು, ಮಗುವನ್ನೂ ಎತ್ತಿಕೊಳ್ಳಬಹುದು ಎಂದು ಬಿಡಿಸಿ ಹೇಳಿದ್ದರು. ಕದಿರೇಶ ಬಂದು ತಾಯಿಗೆ ಹೇಳಿದ. ತಾಯಿ ಕೇಳಿಸಿಕೊಂಡಳು. ಕೇಳಿಸಿಕೊಂಡು ಸೊಸೆಗೆ ಹಿತ್ತಲ ಕೋಣೆಯಲ್ಲಿ ಹಾಸಿಗೆ ಹಾಸಿ, ಅವಳ ತಟ್ಟೆ ಲೋಟವನ್ನು ಅಲ್ಲೇ ಗೂಡಿನಲ್ಲಿಟ್ಟಳು.

ಮುನಿಗಂಗಮ್ಮ ಕೆಟ್ಟ ಹೆಂಗಸು ಎಂದರೆ ಅದು ಶುದ್ಧ ಸುಳ್ಳು. ಸೊಸೆಗೆ ಹೊತ್ತುಹೊತ್ತಿಗೆ ಹಾಲು ಕಾಯಿಸಿ ಇಡುತ್ತಿದ್ದಳು, ಭಾರವಾದ ಕೆಲಸ ಒಂದನ್ನೂ ಹೇಳುತ್ತಿರಲಿಲ್ಲ, ಒಂದು ದಿನವೂ ಬೈದವಳಲ್ಲ. ಆದರೆ ಭಾರತಮ್ಮನ ಕೈಯಿಂದ ಒಂದು ತುತ್ತು ಆ ಮಗುವಿನ ಬಾಯಿಗೆ ಹೋಗಬಾರದು, ಅಷ್ಟೆ. ಹಾಲು ಕುಡಿದು ಕುಡಿದು ಭಾರತಮ್ಮನ ಮೈ ತುಂಬಿಕೊಂಡಿತ್ತು. ಮಗಳು ಮಾತ್ರ ದಿನದಿನಕ್ಕೂ ಕೈಬಿಟ್ಟು ಹೋಗುತ್ತಿದ್ದಳು. ಹೀಗೇ ಇನ್ನೊಂದು ವರ್ಷ ಕಳೆದರೆ ತಾನು ಈ ಮಗುವಿಗೆ ಹಿತ್ತಲಲ್ಲಿರುವ ಯಾವಳೋ ಒಬ್ಬಳಾಗಿಬಿಡುತ್ತೇನೆ ಎಂಬ ಹೆದರಿಕೆ ಅವಳನ್ನು, ಆ ರೋಗಕ್ಕಿಂತ ಹೆಚ್ಚಾಗಿ, ತಿನ್ನುತ್ತಿತ್ತು.

"ಏನು ಮಾಡಿಕೊಡ್ತೀಯಮ್ಮ?" ಎಂದಳು ಅತ್ತೆ, ದನಿ ಏರಿಸದೆ.

"ಬಿಸ್ಕತ್ತು, ಅತ್ತೆ. ಆಸ್ಪತ್ರೇಲಿ ಕಲಿತಿದ್ದೆ. ಹುಷಾರಾದೋರಿಗೆ ಅಡಿಗೆಮನೇಲಿ ಹಗುರವಾದ ಕೆಲಸ ಕೊಡೋರು. ಅಲ್ಲೊಬ್ರು ಮುದುಕಿ, ಹಿಟ್ಟಿಗೆ ಬಣ್ಣ ಹಾಕಿ ಕೊಯ್ದರೆ ಹಣ್ಣಿನ ಹೋಳಿನ ಥರ ಕಾಣೋ ಹಾಗೆ ಮಾಡೋರು."

"ಮೊಟ್ಟೆ?"

"ಇಲ್ಲ. ಬೆಣ್ಣೆ, ಸಕ್ಕರೆ, ಮೈದಾ ಹಿಟ್ಟು."

ಮುನಿಗಂಗಮ್ಮ ಮೊರ ಕೆಳಗಿಟ್ಟಳು. "ಮಾಡ್ಕೋ. ನಿಂಗೂ ಹೊತ್ತು ಹೋಗ್ತದೆ. ಮಗೂಗೆ ಮಾತ್ರ ಬೇಡ."

ಮತ್ತೆ ಯಾರಿಗೆ ಎಂಬ ಮಾತು ಭಾರತಮ್ಮನ ನಾಲಿಗೆಯ ತುದಿಗೆ ಬಂದು ನಿಂತಿತು. ಮಾಡು ಎಂದರಲ್ಲ, ಅಷ್ಟಾದರೂ ಆಯಿತು ಎಂದುಕೊಂಡಳು. ಮಾಡಿ ಎದುರಿಗಿಟ್ಟ ಮೇಲೆ ಅಜ್ಜಿಯ ಮನಸ್ಸು ಹೇಗೋ ಏನೋ!

ಯುದ್ಧದ ಕಾಲ. ಸಕ್ಕರೆ ಕಾರ್ಡಿನ ಮೇಲೆ ಬರುತ್ತಿತ್ತು. ಭಾರತಮ್ಮನ ಹಾಲಿಗೆಂದು ಕೊಟ್ಟ ಸಕ್ಕರೆಯನ್ನು ಅವಳು ಹಾಕಿಕೊಳ್ಳದೆ ಡಬ್ಬಿಯಲ್ಲಿ ಉಳಿಸಿಟ್ಟಿದ್ದಳು. ಮಿಕ್ಕಿದ್ದನ್ನು ತರಬೇಕಾದವನು ಕದಿರೇಶ. ಅವನು ಬಸ್ ಏಜೆಂಟು. ಪೆಟ್ರೋಲಿಗೆ ಬರ ಬಂದು ಬಸ್ಸುಗಳೆಲ್ಲ ಇದ್ದಲಿನ ಹೊಗೆಯ ಮೇಲೆ ಓಡುತ್ತಿದ್ದ ದಿನಗಳಾದ್ದರಿಂದ ಅವನ ಮನೆಯಲ್ಲಿ ಇನ್ನೇನಿಲ್ಲದಿದ್ದರೂ ಇದ್ದಲಿಗೆ ಬರವಿರಲಿಲ್ಲ. ಹೆಂಡತಿ ಬಾಯಿಬಿಟ್ಟು ಒಂದು ವಸ್ತು ಕೇಳಿದ್ದು ಬಹಳ ದಿನದ ಮೇಲೆ. ಸಂತೋಷದಿಂದಲೇ ಅಂಗಡಿಗೆ ಹೋಗಿ ಮೈದಾ ಮತ್ತು ಬೆಣ್ಣೆ ಕೊಂಡ. ಚಿನ್ನದ ಗಣಿಯ ದೊರೆಗಳಿಗೆಂದು ಹೊರಟಿದ್ದ ತರಕಾರಿ ಬುಟ್ಟಿಯಿಂದ ಎರಡು ಬೀಟ್‌ರೂಟ್‌ಗಳನ್ನೂ ಕೇಳಿ ಈಸಿಕೊಂಡ.

"ಏನಪ್ಪಾ ಕದಿರೇಶ, ಬೆಣ್ಣೆ ಮೈದಾ ಜೋರಾಗೇ ಅದಲ್ಲ?" ಎಂದ ಅಂಗಡಿಯವನು.

"ಬಿಸ್ಕತ್ತಿಗೆ."

"ಬಿಸ್ಕತ್ತಾ? ಯಾರಿಗೆ?"

"ಮನೇಲಿ, ಭಾರತಿ..." ಎನ್ನುವಷ್ಟರಲ್ಲಿ ಬಸ್ಸಿನ ಹಾರನ್ ಕೂಗಿತು. ಕದಿರೇಶ ಮಾತನ್ನು ಅಲ್ಲೇ ಬಿಟ್ಟು ಓಡಿದ.

ಅವನು ಬಿಟ್ಟುಹೋದ ಅರ್ಧ ಮಾತು ಮಾಡಿದ ಅನಾಹುತ ಅಷ್ಟಿಷ್ಟಲ್ಲ. ಆ ಸೀಮೆಯಲ್ಲಿ ಆಗ ಬಿಸ್ಕತ್ತು ತಿಂಡಿಯಾಗಿರಲಿಲ್ಲ, ಪಥ್ಯವಾಗಿತ್ತು. ಜ್ವರ ಬಂದು ಅನ್ನ ಸೇರದೆ ಮಲಗಿದವರಿಗೆ ಹಾಲಲ್ಲಿ ಅದ್ದಿ ಕೊಡುವ ವಸ್ತು. ಗಟ್ಟಿಮುಟ್ಟಾಗಿರುವವರು ರಾಗಿಮುದ್ದೆ ಬಿಟ್ಟು ಬಿಸ್ಕತ್ತು ಏಕೆ ತಿಂದಾರು? ಅಂಗಡಿಯವನು ಪಕ್ಕದವನ ಮುಖ ನೋಡಿ ಲೊಚಗುಟ್ಟಿದ. "ತಿರುಗಿ ಬಂತು ಅಂತ ಕಾಣ್ತದೆ, ಪಾಪ," ಎಂದ ಪಕ್ಕದವನು. ಆ ಮಾತು ಸಾಯಂಕಾಲದ ಬಸ್ಸು ಹತ್ತಿ ಮುಳಬಾಗಿಲಿಗೆ ಹೋಯಿತು. ಸುದ್ದಿ ಹತ್ತುವಾಗ ಬರೀ ಜ್ವರವಿದ್ದ ಭಾರತಮ್ಮನಿಗೆ ಅದು ಇಳಿಯುವ ಹೊತ್ತಿಗೆ ಮಾತು ನಿಂತುಹೋಗಿತ್ತು. ಮುಳಬಾಗಿಲಿನಿಂದ ಗಾಡಿಯವನೊಬ್ಬ ಅದನ್ನು ತಾಯಲೂರಿನಲ್ಲಿದ್ದ ಅವಳ ತಂದೆ ವೆಂಕಟರಾಯಪ್ಪನಿಗೆ ತಲುಪಿಸಿದ.

ಇತ್ತ ಭಾರತಮ್ಮನಿಗೆ ಇದೊಂದೂ ತಿಳಿಯದು. ಮಧ್ಯಾಹ್ನವೆಲ್ಲ ಹಿತ್ತಲಲ್ಲಿ ಕೂತು ಬೆಣ್ಣೆ ಸಕ್ಕರೆಯನ್ನು ನೊರೆಯಾಗುವ ತನಕ ಕೈಯಲ್ಲೇ ಉಜ್ಜಿ, ಮೈದಾ ಕಲಸಿ ಉಂಡೆಗಳಾಗಿ ಬೇರೆ ಮಾಡಿದಳು. ಬೀಟ್‌ರೂಟ್ ತುರಿದು ಹಿಂಡಿದ ರಸದಿಂದ ಕೆಂಪು, ದಂಟಿನ ಸೊಪ್ಪು ಅರೆದು ಸೋಸಿದ್ದರಿಂದ ಹಸಿರು, ಅರಿಶಿನದಿಂದ ಹಳದಿ. ಕಿತ್ತಳೆಯನ್ನೂ ಮಾಡೋಣವೆಂದು ಒಂದು ಉಂಡೆಗೆ ಅರಿಶಿನದ ಜೊತೆ ಚಿಟಿಕೆ ಸೋಡ ಹಾಕಿದ್ದೇ ತಪ್ಪಾಯಿತು. ನೋಡುತ್ತಿದ್ದಂತೆ ಹಿಟ್ಟು ಓಕುಳಿಯ ಬಣ್ಣಕ್ಕೆ ತಿರುಗಿತು. "ಹಾಳಾಗಿ ಹೋಗ್ಲಿ," ಎಂದು ನಕ್ಕು ಅದನ್ನೂ ಕೆಂಪಿಗೇ ಸೇರಿಸಿಬಿಟ್ಟಳು. ಕೆಂಪಿನಲ್ಲಿ ಮಾಡಬೇಕೆಂದಿದ್ದ ಕಲ್ಲಂಗಡಿ ಇನ್ನೊಂದಿಷ್ಟು ದಪ್ಪವಾಯಿತು.

ಕೆಂಪು ಹಿಟ್ಟಿಗೆ ಹುಚ್ಚೆಳ್ಳು ಬೆರೆಸಿ ಕೋಲಿನಂತೆ ಹೊಸೆದು, ಮೇಲೆ ಬಿಳಿಯದೊಂದು ಪದರ, ಅದರ ಮೇಲೆ ಹಸಿರು ಪದರ ಸುತ್ತಿದಳು. ಮಾವಿಗೆಂದು ಹಳದಿಯದನ್ನು ಒಂದು ಕಡೆ ಒತ್ತಿ ಚೂಪು ಮಾಡಿ ಹಸಿರು ಸಿಪ್ಪೆ ಹೊದಿಸಿದಳು. ನೋಡಿದರೆ ಎರಡು ಹಸಿರು ಕೋಲುಗಳು, ಇನ್ನೇನೂ ಕಾಣದು. ಬಾಳೆ ಎಲೆಯಲ್ಲಿ ಸುತ್ತಿ, ನೀರಿನ ಗಡಿಗೆಯ ಕೆಳಗಿನ ತಣ್ಣನೆ ಮರಳಿನಲ್ಲಿ ಹುದುಗಿಸಿಟ್ಟಳು. ಬೆಳಗಾಗುವ ಹೊತ್ತಿಗೆ ಚಳಿಗೆ ಅವು ಗಟ್ಟಿಯಾಗಿದ್ದವು.

ಮರುದಿನ ಇದ್ದಲಿನ ಪರ್ಮಿಟ್ಟಿಗೆಂದು ಕದಿರೇಶ ಮೊದಲ ಬಸ್ಸಿಗೇ ಕೋಲಾರಕ್ಕೆ ಹೋದ. ಭಾರತಮ್ಮ ದಪ್ಪ ತಳದ ಪಾತ್ರೆಗೆ ಮರಳು ಸುರಿದು ಒಲೆಯ ಮೇಲಿಟ್ಟಳು. ಎಲೆ ಬಿಡಿಸಿ, ರೇಷ್ಮೆ ನೂಲನ್ನು ಎರಡೂ ಕೈಗೆ ಸುತ್ತಿಕೊಂಡು ಕೋಲಿನ ಸುತ್ತ ಬಿಗಿದು ಎಳೆದಳು. ಮೊದಲ ಹೋಳು ಕಳಚಿ ಬಿತ್ತು. ಹಸಿರು ಸಿಪ್ಪೆ, ಬಿಳಿ ಅಂಚು, ಕೆಂಪು ತಿರುಳು, ಕರಿ ಬೀಜ. ಕಲ್ಲಂಗಡಿಯೇ! ಭಾರತಮ್ಮನಿಗೆ ಒಬ್ಬಳಿಗೇ ನಗು ಬಂತು. ಬಾಗಿಲಲ್ಲಿ ಅಜ್ಜಿಯ ಸೆರಗು ಹಿಡಿದು ನಿಂತಿದ್ದ ಗಂಗರತ್ನ ಕತ್ತು ಚಾಚಿ ನೋಡುತ್ತಿದ್ದಳು.

ಹೋಳುಗಳನ್ನು ತಟ್ಟೆಯಲ್ಲಿ ಜೋಡಿಸಿ ಮರಳಿನ ಮೇಲಿಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿದಳು. ಸ್ವಲ್ಪ ಹೊತ್ತಿಗೆ ವಾಸನೆ ಎದ್ದಿತು. ಬೆಣ್ಣೆ ಸಕ್ಕರೆ ಬೇಯುವ ಆ ವಾಸನೆ ಹಿತ್ತಲು ದಾಟಿ ಗೋಡೆ ಹಾರಿ ಬೀದಿಗೆ ಬಿತ್ತು. ಪಕ್ಕದ ಮನೆಯ ಮುತ್ಯಾಲಮ್ಮ ಗೋಡೆಯಾಚೆಯಿಂದ ತಲೆ ಎತ್ತಿದಳು.

"ಏನಕ್ಕಾ, ಬಿಸ್ಕತ್ತಿನ ವಾಸನೆ! ಯಾರಿಗೆ ಹುಷಾರಿಲ್ಲ?"

"ಯಾರಿಗೂ ಏನೂ ಆಗಿಲ್ಲ ಕಣೇ, ಮುತ್ಯಾಲು," ಎಂದಳು ಮುನಿಗಂಗಮ್ಮ.

"ಅಯ್ಯೋ, ನಮ್ಮ ಹತ್ರ ಯಾಕಕ್ಕಾ ಮುಚ್ಚುಮರೆ," ಎಂದು ಮುತ್ಯಾಲಮ್ಮ ಕನಿಕರದ ಮುಖ ಮಾಡಿ ತಲೆ ತಗ್ಗಿಸಿದಳು. ಅರ್ಧ ಗಂಟೆಯೊಳಗೆ ಬೀದಿಯ ಹೆಂಗಸರೆಲ್ಲ ಜಗಲಿಯ ಹತ್ತಿರ ಸುಳಿದಾಡತೊಡಗಿದರು. ಒಳಕ್ಕೆ ಮಾತ್ರ ಒಬ್ಬಳೂ ಕಾಲಿಡಲಿಲ್ಲ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಬೀದಿಯ ತುದಿಯಿಂದ ಒಂದು ದೊಡ್ಡ ಅಳು ಕೇಳಿಸಿತು. ಗಂಡಸಿನ ಅಳು. ಪೇಟ ಕೈಯಲ್ಲಿ, ಮೂಸಂಬಿಯ ಚೀಲ ಹೆಗಲಲ್ಲಿ, ವೆಂಕಟರಾಯಪ್ಪ ಮನೆಯ ಮುಂದೆ ನೆರೆದ ಹೆಂಗಸರನ್ನು ಕಂಡು ಎಡವುತ್ತ ಓಡಿ ಬರುತ್ತಿದ್ದ.

"ಅಯ್ಯೋ ದೇವುಡಾ! ನನ್ನ ತಾಯೀ, ನನ್ನ ಮುಖ ನೋಡದೆ ಹೋಗಿಬಿಟ್ಯಾ!"

ಜಗಲಿಯ ಬಳಿ ನಿಂತಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಮುತ್ಯಾಲಮ್ಮ ಗೊಳೋ ಎಂದು ಅಳಲು ಶುರುಮಾಡಿದಳು. ಯಾರಿಗಾಗಿ ಎಂದು ಆಮೇಲೆ ಕೇಳಿದರೆ ಅವಳಿಗೇ ಗೊತ್ತಿರಲಿಲ್ಲ. ಗದ್ದಲ ಕೇಳಿ ಭಾರತಮ್ಮ ಬೆರಳಿಗೆಲ್ಲ ಹಿಟ್ಟು ಮೆತ್ತಿಕೊಂಡೇ ಮುಂಬಾಗಿಲಿಗೆ ಬಂದಳು.

"ಯಾಕಪ್ಪಾ? ಮನೇಲಿ ಏನಾಯ್ತು? ಅಮ್ಮ ಹುಷಾರಾಗವ್ಳಾ?"

ವೆಂಕಟರಾಯಪ್ಪನ ಅಳು ಅಲ್ಲಿಗೇ ನಿಂತಿತು. ಮಗಳ ಮುಖ ನೋಡಿದ, ತುಂಬಿದ ಕೆನ್ನೆ ನೋಡಿದ, ಕೈಯ ಹಿಟ್ಟು ನೋಡಿದ. ಹೆಗಲ ಚೀಲ ಇಳಿಸಿ ಜಗಲಿಯ ಮೇಲೆ ಕೂತ.

"ಯಾವನ್ಲಾ ನಂಗೆ ಹೇಳಿದ್ದು!" ಎಂದು ಒಮ್ಮೆಲೇ ಗುಡುಗಿದ. "ಮಾತು ನಿಂತೋಗದೆ, ಬಿಸ್ಕತ್ತು ಅದ್ದಿ ಬಾಯಿಗೆ ಬಿಡ್ತಾವ್ರೆ ಅಂದನಲ್ಲ! ಸಿಗ್ಲಿ ಅವನು, ಅವನ ಬಾಯಿಗೆ ಬಿಡ್ತೀನಿ!" ಬೈಯುತ್ತಲೇ ಮಗಳ ಎರಡೂ ಕೈ ಹಿಡಿದುಕೊಂಡು ಮತ್ತೆ ಅತ್ತ, ನಡುವೆ ನಕ್ಕ, ಪೇಟದಿಂದ ಮೂಗು ಒರೆಸಿಕೊಂಡ. ಭಾರತಮ್ಮನೂ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮುತ್ಯಾಲಮ್ಮ ಕಣ್ಣೊರೆಸಿಕೊಂಡು ಬೇರೆ ಕಡೆ ನೋಡಿದಳು.

ಅಪ್ಪನಿಗೆ ತಿನ್ನಲು ಕೊಡಬೇಕಲ್ಲ. ಭಾರತಮ್ಮ ಮುತ್ತುಗದ ಎಲೆಯ ತುಂಬ ಬಿಸ್ಕತ್ತು ಹಾಕಿ ತಂದಳು. ಮಾವಿನ ಹೋಳು, ಕಲ್ಲಂಗಡಿ ಹೋಳು. ವೆಂಕಟರಾಯಪ್ಪ ಒಂದನ್ನು ತಿರುಗಿಸಿ ಮುರುಗಿಸಿ ನೋಡಿ ಬಾಯಿಗೆ ಹಾಕಿಕೊಂಡ, ಇನ್ನೊಂದನ್ನೂ ಹಾಕಿಕೊಂಡ. ಮೂರನೆಯದನ್ನು ಎತ್ತುವಾಗ ಮೊಮ್ಮಗಳ ಮೇಲೆ ಕಣ್ಣು ಬಿತ್ತು. ಗಂಗರತ್ನ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಎಲೆಯನ್ನೇ ನೋಡುತ್ತಿದ್ದಳು. ಅವಳ ಲಂಗದ ಅಂಚು ಮುನಿಗಂಗಮ್ಮನ ಮುಷ್ಟಿಯಲ್ಲಿತ್ತು.

"ಬಾ ಕಂದಾ, ತಗೋ."

ಮಗು ಅಜ್ಜಿಯ ಮುಖ ನೋಡಿತು. ಅಜ್ಜಿ ಕೈ ಬಿಡಲಿಲ್ಲ.

"ಮಗೂಗೆ ಕೊಡಲ್ವಾ ಅಕ್ಕಯ್ಯಾ?" ಎಂದ ವೆಂಕಟರಾಯಪ್ಪ. ಅವನು ಮಗಳ ಮುಖ ನೋಡಿ ಎಲ್ಲ ಅರ್ಥ ಮಾಡಿಕೊಂಡ. "ಓಹೋ, ಹಿಂಗಾ. ಡಾಕ್ಟ್ರು ಆಸ್ಪತ್ರೆಯಿಂದ ಬಿಟ್ರೂ ನೀವು ಇನ್ನೂ ಬಿಟ್ಟಿಲ್ಲ ಅವಳನ್ನ."

ಮುನಿಗಂಗಮ್ಮ ಅವನ ಕಡೆ ತಿರುಗಿದಳು. "ನಿಮಗೇನು ಗೊತ್ತು ಬೀಗರೇ, ನನ್ನ ಸಂಕಟ? ಕದಿರೇಶನಿಗಿಂತ ಮುಂಚೆ ನಂಗೊಬ್ಬ ಮಗ ಇದ್ದ. ಶ್ರೀನಿವಾಸಪ್ಪ ಅಂತ. ಇದೇ ಕಾಯಿಲೆ ಬಂತು. ನಾಲ್ಕು ಜನಕ್ಕೆ ತಿಳಿದ್ರೆ ಮನೆಗೆ ಯಾರೂ ಬರಲ್ಲ ಅಂತ ಚಳಿಜ್ವರ ಚಳಿಜ್ವರ ಅಂತ ಹೇಳ್ಕೊಂಡು ತಿರುಗಿದೆ. ನೋಡಿದೋರಿಗೆ ಅನುಮಾನ ಬರಬಾರದು ಅಂತ ಅವನನ್ನೂ ಅವನ ತಂಗೀನೂ ಒಟ್ಟಿಗೆ ಕೂರಿಸಿ ಒಂದೇ ತಟ್ಟೇಲಿ ತಿನ್ನಿಸ್ದೆ. ನಾನೇ ತಿನ್ನಿಸ್ದೆ, ಈ ಕೈಯಲ್ಲೇ. ಅವನೂ ಹೋದ. ವರ್ಷದೊಳಗೆ ಆ ಕೂಸೂ ಹೋಯ್ತು." ಅವಳು ಮಗುವಿನ ಲಂಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ನಿಮ್ಮ ಮಗಳ ಮೇಲೆ ನಂಗೇನೂ ಹಗೆ ಇಲ್ಲ. ಇನ್ನೊಂದು ಕೂಸನ್ನ ಕೊಲ್ಲೋ ಧೈರ್ಯ ನಂಗಿಲ್ಲ, ಅಷ್ಟೆ."

ಬೀದಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವರ್ಷ ಅದು ಚಳಿಜ್ವರ ಎಂದೇ ಅವರೆಲ್ಲ ನಂಬಿದ್ದರು. ವೆಂಕಟರಾಯಪ್ಪನ ಸಿಟ್ಟೂ ಇಳಿದುಹೋಗಿತ್ತು. ಮೆಲ್ಲಗೆ ಹೇಳಿದ:

"ನಿಮ್ಮ ಕರುಳಿನ ಸಂಕಟ ನಂಗೆ ಅರ್ಥ ಆಗ್ತದೆ ಅಕ್ಕಯ್ಯಾ. ಆದ್ರೆ ನೋಡಿ, ಅವತ್ತು ಕಾಯಿಲೆ ಇದ್ದಾಗ ಇಲ್ಲ ಅಂದ್ರಿ. ಇವತ್ತು ಇಲ್ಲದಿರೋವಾಗ ಇದೆ ಅಂತೀರಿ."

ಮುನಿಗಂಗಮ್ಮ ಮಗುವನ್ನು ಹಿಡಿದೇ ಕೆಳಗೆ ಕೂತಳು. ಆಗ ಭಾರತಮ್ಮ ಬಂದು ಅತ್ತೆಯ ಎದುರಿಗೆ, ಸ್ವಲ್ಪ ದೂರ ಬಿಟ್ಟೇ, ನೆಲದ ಮೇಲೆ ಕೂತಳು.

"ಅತ್ತೆ, ನಾನು ಆಸ್ಪತ್ರೇಲಿದ್ದಾಗ ನೀವೊಂದು ಸಲ ಇವಳನ್ನ ಕರ್ಕೊಂಡು ಬಂದಿದ್ರಿ. ನೆನಪಿದ್ಯಾ? ಇವಳು ಅಮ್ಮಾ ಅಂತ ಕೈ ಚಾಚಿದ್ಲು. ನಾನು ಕಿಟಕಿ ಬಾಗಿಲು ಮುಚ್ಚಿಬಿಟ್ಟೆ."

"ನೆನಪಿದೆ," ಎಂದಳು ಮುನಿಗಂಗಮ್ಮ. "ಎಂಥ ಕಲ್ಲೆದೆಯೇ ಇವಳದು ಅಂತ ದಾರಿಯುದ್ದಕ್ಕೂ ಬೈಕೊಂಡು ಬಂದೆ."

"ಆವತ್ತು ನನ್ನ ಕಫದಲ್ಲಿ ಇನ್ನೂ ಕಾಯಿಲೆ ಇತ್ತು. ಅದಕ್ಕೇ ಮುಚ್ಚಿದೆ. ಅತ್ತ ಇವಳು ಅಳ್ತಿದ್ದಳು, ಇತ್ತ ನಾನು ಗೋಡೆಗೆ ತಲೆ ಚಚ್ಕೊತಿದ್ದೆ. ಒಂದು ಚೂರು, ಸಾಸಿವೆಯಷ್ಟು ಅನುಮಾನ ಇವತ್ತು ಇದ್ರೂ ನೀವು ಹೇಳಬೇಕಾಗಿರಲಿಲ್ಲ ಅತ್ತೆ. ನಾನೇ ಇವಳನ್ನ ಹತ್ರ ಸೇರಿಸ್ತಿರಲಿಲ್ಲ. ನಿಮ್ಮಷ್ಟೇ ಹೆದರಿಕೆ ನಂಗೂ ಇದೆ. ಇವಳನ್ನ ಹೆತ್ತಿದ್ದು ನಾನು."

ಮುನಿಗಂಗಮ್ಮ ಮೊಣಕಾಲಿಗೆ ಕೈಯೂರಿ ಎದ್ದು, ಮಗುವಿನ ಕೈ ಹಿಡಿದುಕೊಂಡು ಒಳಗೆ ಹೋಗಿಬಿಟ್ಟಳು. ಭಾರತಮ್ಮ ಹಾಗೇ ಕೂತಿದ್ದಳು. ಮುಗಿಯಿತು, ಇನ್ನು ಮಗಳು ಸಿಗುವುದಿಲ್ಲ ಎಂದು ಅವಳಿಗೆ ಖಚಿತವಾಗಿಹೋಯಿತು. ವೆಂಕಟರಾಯಪ್ಪ ಪೇಟ ಸುತ್ತಿಕೊಳ್ಳತೊಡಗಿದ.

ಒಳಗೆ ನೀರು ಸುರಿದ ಸದ್ದಾಯಿತು. ಮುನಿಗಂಗಮ್ಮ ಹೊರಗೆ ಬಂದಾಗ ಅವಳ ಕೈಯೂ ಮಗುವಿನ ಕೈಯೂ ಒದ್ದೆಯಾಗಿದ್ದವು. ತಿನ್ನುವ ಮುಂಚೆ ಕೈ ತೊಳೆದು ಬಂದಿದ್ದರು.

ಅವಳು ಎಲೆಯ ಮುಂದೆ ಕೂತು ಒಂದು ಕಲ್ಲಂಗಡಿ ಹೋಳು ಎತ್ತಿಕೊಂಡಳು. "ಈ ಬೀಜ ಏನು?"

"ಹುಚ್ಚೆಳ್ಳು, ಅತ್ತೆ."

ಕಚ್ಚಿದಳು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ನಿಧಾನವಾಗಿ ಅಗಿದು ನುಂಗಿದಳು. "ಸಕ್ಕರೆ ಸ್ವಲ್ಪ ಜಾಸ್ತಿ ಆಯ್ತು," ಎಂದಳು. ಹೇಳಿ ಇನ್ನೊಂದನ್ನು ಎತ್ತಿಕೊಂಡು, ಮೊಮ್ಮಗಳ ಬೆನ್ನ ಮೇಲೆ ಕೈಯಿಟ್ಟು ಮೆಲ್ಲನೆ ಮುಂದಕ್ಕೆ ತಳ್ಳಿದಳು. "ಹೋಗು. ನಿಮ್ಮಮ್ಮನ್ನ ಕೇಳು, ಕೊಡ್ತಾಳೆ."

ಗಂಗರತ್ನ ಅಷ್ಟಕ್ಕೇ ಕಾದಿದ್ದವಳಂತೆ ಓಡಿದಳು. ಭಾರತಮ್ಮ ಮಾವಿನ ಹೋಳೊಂದನ್ನು ಎತ್ತಿ ಹಿಡಿದಳು. ಮಗು ಕೈಯಲ್ಲಿ ಈಸಿಕೊಳ್ಳಲಿಲ್ಲ, ನೇರ ಬಾಯಿಯನ್ನೇ ಒಡ್ಡಿತು. ಬಾಯಿತುಂಬ ಅಗಿಯುತ್ತ ಯೋಚಿಸಿ, "ಓಟೆ ಎಲ್ಲಿ?" ಎಂದು ಕೇಳಿತು. ಮಾವಿನಹಣ್ಣೆಂದ ಮೇಲೆ ಒಳಗೆ ಗೊರಟೆ ಇರಬೇಕಲ್ಲ!

ವೆಂಕಟರಾಯಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಬೆಳಿಗ್ಗೆಯಿಂದ ಅವನ ಎದೆಯ ಮೇಲೆ ಕೂತಿದ್ದ ಭಾರವೆಲ್ಲ ಆ ನಗೆಯಲ್ಲಿ ಇಳಿದುಹೋಯಿತು. ಮುನಿಗಂಗಮ್ಮ ಎಲೆ ಎತ್ತಿಕೊಂಡು ಜಗಲಿಯ ಅಂಚಿಗೆ ಹೋದಳು. ಮುತ್ಯಾಲಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

"ಏನೇ ಮುತ್ಯಾಲು, ತಗೊ. ಬೆಳಿಗ್ಗೆಯಿಂದ ವಾಸನೆ ಎಳ್ಕೊಂಡ್ಯಲ್ಲ, ರುಚೀನೂ ನೋಡು."

"ಅಲ್ಲಕ್ಕಾ, ಅದು..."

"ನನ್ನ ಸೊಸೆ ಮಾಡಿದ್ದು. ನಾನು ತಿಂದಿದೀನಿ, ನನ್ನ ಮೊಮ್ಮಗಳು ತಿಂದವ್ಳೆ. ನಿಂಗೇನು ಬಂತು ರೋಗ?"

ಮುತ್ಯಾಲಮ್ಮ ಕೈ ಚಾಚಿದಳು. ಅವಳ ಹಿಂದೆ ಉಳಿದವರೂ ಚಾಚಿದರು. ಬಸ್ಸಿಗೆ ಹೊರಡುವಾಗ ವೆಂಕಟರಾಯಪ್ಪ ಮೂಸಂಬಿಯ ಚೀಲ ಬರಿದು ಮಾಡಿ, ಅದರ ತುಂಬ ಬಿಸ್ಕತ್ತು ಹಾಕಿಸಿಕೊಂಡ. ಬಸ್ಸಿನಲ್ಲಿ ಡ್ರೈವರಿನಿಂದ ಹಿಡಿದು ಬಾಗಿಲಲ್ಲಿ ನೇತಾಡುತ್ತಿದ್ದವನ ತನಕ ಒಬ್ಬನನ್ನೂ ಬಿಡದೆ ಹಂಚಿ, "ನನ್ನ ಮಗಳು ಮಾಡಿದ್ದು, ಗುಂಡುಕಲ್ಲಿನಂಗವ್ಳೆ, ತಿನ್ರಯ್ಯಾ," ಎಂದು ಮುಳಬಾಗಿಲಿನ ತನಕ ಹೇಳಿಕೊಂಡೇ ಹೋದನಂತೆ.

ಹೊತ್ತು ಇಳಿಯುವಾಗ ಭಾರತಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಮುನಿಗಂಗಮ್ಮ ಮಗುವನ್ನು ಎಳೆದುಕೊಂಡು ಬಂದು, ಕೈಲಿದ್ದ ಬಾಚಣಿಗೆಯನ್ನು ಸೊಸೆಯ ಮುಂದೆ ಹಿಡಿದಳು.

"ತಲೆ ಎಲ್ಲ ಕೆರ್ಕೊತವ್ಳೆ. ನನ್ನ ಕಣ್ಣಿಗೆ ಹೇನು ಕಾಣಲ್ಲ. ನೋಡು ಒಸಿ."

ಹೇನು ನೋಡುವುದೆಂದರೆ ದೂರದಿಂದ ಆಗುವ ಕೆಲಸವಲ್ಲ. ಭಾರತಮ್ಮ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮುಖವನ್ನು ಅದರ ಹತ್ತಿರಕ್ಕೆ ಬಗ್ಗಿಸಿ ಕೂದಲು ಬಿಡಿಸತೊಡಗಿದಳು. ಮೊದಮೊದಲು ಉಸಿರು ಬಿಡಲೂ ಹಿಂಜರಿದಳು. ಆಮೇಲೆ ಮರೆತಳು. ಗಂಗರತ್ನ ನೋಯ್ತದೆ, ಎಳೀಬೇಡ ಎಂದು ಗೊಣಗುತ್ತ ಗೊಣಗುತ್ತ ಅಲ್ಲೇ ನಿದ್ದೆಹೋದಳು. ಅವಳನ್ನು ಎತ್ತಿಕೊಂಡು ಹೋಗಲು ಯಾರೂ ಬರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮುನಿಗಂಗಮ್ಮ ಬಾಗಿಲಿಗೆ ಬಂದು ಇಣುಕಿದಳು. ತಾಯಿ ಮಗಳು ಇಬ್ಬರನ್ನೂ ನೋಡಿ ಒಂದು ಗಳಿಗೆ ನಿಂತಳು.

"ಚಳಿ ಬೀಳ್ತಾ ಅದೆ," ಎಂದಳು. "ಒಳಗೆ ಹಾಸಿದೀನಿ. ಇಬ್ರೂ ಬಂದು ಮಲ್ಕೊಳ್ಳಿ."